ಹೊರೆ ಇಳಿಸುವ ಕ್ಲಸ್ಟರ್ ಮಾವ
ನಮ್ಮ ಡೇಟಾ ಸೆಂಟರಿನಲ್ಲಿ ಕ್ಲಸ್ಟರ್, ಅಂದರೆ ಒಟ್ಟಾಗಿ ದುಡಿಯುವ ಸರ್ವರುಗಳ ಗುಂಪು, ನೋಡಿಕೊಳ್ಳುತ್ತಿದ್ದ ಕ್ಲಸ್ಟರ್ ಮಾವನನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ನಾನು ಸರ್ವರ್ ಅಪ್‌ಗ್ರೇಡ್ ಮಾಡಿದರೆ ಎಲ್ಲರ ಕೆಲಸ ನಿಂತು ಆಫೀಸಿನ ಫೋನುಗಳೆಲ್ಲ ಬಡಿದುಕೊಳ್ಳುತ್ತಿದ್ದವು. ಅವರು ಮಾಡಿದರೆ ಪಕ್ಕದ ಕುರ್ಚಿಗೂ ಸುದ್ದಿಯಿರುತ್ತಿರಲಿಲ್ಲ. ಒಂದು ಸರ್ವರಿನಲ್ಲಿ ಓಡುವ ಕಂಟೇನರುಗಳನ್ನೆಲ್ಲ, ಅಂದರೆ ಪೊಟ್ಟಣ ಕಟ್ಟಿದ ಪ್ರೋಗ್ರಾಮುಗಳನ್ನೆಲ್ಲ, ಪಕ್ಕದ ಸರ್ವರುಗಳಿಗೆ ದಾಟಿಸಿ, ಅದು ಪೂರ್ತಿ ಖಾಲಿಯಾದ ಮೇಲಷ್ಟೇ ಕೈಹಾಕುತ್ತಿದ್ದರು. ಅವಸರ ಮಾಡಿದರೆ, "ಹೊರೆ ಇಳಿಸದೆ ಎತ್ತಿಗೆ ಲಾಳ ಕಟ್ತಾರೇನಪ್ಪ?" ಎನ್ನುವರು. "ಅವರನ್ನ ನೋಡಿ ಕಲಿ" ಎಂದು ಮ್ಯಾನೇಜರು ನನ್ನನ್ನೇ ಕುಟುಕುತ್ತಿದ್ದರು. ಈ ವರ್ಷ ಮಾವ ತಮ್ಮ ಕೆಲಸಗಳನ್ನು ಒಂದೊಂದಾಗಿ ನನ್ನ ತಲೆಗೆ ಕಟ್ಟತೊಡಗಿದಾಗ, ಇವರಿಗೂ ಮೈಗಳ್ಳತನ ಶುರುವಾಯಿತು ಎಂದು ಒಳಗೊಳಗೇ ಖುಷಿಪಟ್ಟೆ. ನಿನ್ನೆ ಅವರು ನಿವೃತ್ತರಾಗಿ, ಒರೆಸಿಟ್ಟ ಮೇಜು ಬಿಟ್ಟು ಎದ್ದು ಹೋದರು. ಇವತ್ತು ಯಾವ ಕೆಲಸವೂ ನಿಲ್ಲಲಿಲ್ಲ, ಒಂದು ಫೋನೂ ಬಡಿದುಕೊಳ್ಳಲಿಲ್ಲ. ಹೋಗುವುದರಲ್ಲೂ ನನ್ನನ್ನು ಮೀರಿಸಿಬಿಟ್ಟರು, ಪುಣ್ಯಾತ್ಮ.