ಲೈಫು ಹೋದ ಮಧ್ಯಾಹ್ನ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇವತ್ತು ಬಿಸಿಯಾದ ಮಾನಿಟರಿನ ವಾಸನೆ ಬಂತು. ಆ ಕ್ಷಣವೇ ನಾನು ಪಾಂಡವಪುರದ ವಿಡಿಯೋ ಗೇಮ್ ಅಂಗಡಿಯಲ್ಲಿದ್ದೆ. ಕಿಟಕಿಗೆ ಕಟ್ಟಿದ ಗೋಣಿಚೀಲದಿಂದ ಬಿಸಿಲು ಸೋಸಿ ಬಂದು, ಆಡುವ ಹುಡುಗರ ತಲೆಯ ಮೇಲೆ ಧೂಳು ಹೊಂಬಣ್ಣವಾಗಿ ತೇಲುತ್ತಿತ್ತು.

ಆಗ ಶಾಲೆಯ ಹಾಸ್ಟೆಲಿನಿಂದ ರಜೆಗೆ ಅಜ್ಜಿ ಮನೆಗೆ ಬಂದಿದ್ದೆ. ಅಂಗಡಿಯಲ್ಲಿ ಪಂದ್ಯವಿತ್ತು, ಆಡುವ ಹುಡುಗಿ ನಾನೊಬ್ಬಳೇ. ಮೊದಲ ಆಟದಲ್ಲೇ ಪರದೆಯ ಮೇಲಿನ ನನ್ನ ಬೊಂಬೆ ಹಳ್ಳಕ್ಕೆ ಬಿತ್ತು. ಅಳುತ್ತ ಮನೆಗೆ ಓಡಿ, "ಅಜ್ಜಿ, ನನ್ನ ಲೈಫೇ ಹೋಯ್ತು" ಅಂದುಬಿಟ್ಟೆ.

ರಾಗಿ ಕೇರುತ್ತಿದ್ದ ಅಜ್ಜಿಯ ಕೈಯಿಂದ ಮೊರ ಜಾರಿತು. "ಯಾವನವ್ವ ಅವ್ನು? ಏನ್ ಮಾಡ್ಬುಟ್ಟ? ಇನ್ಮೇಲೆ ಒಸ್ಲು ದಾಟ್ಬ್ಯಾಡ ನೀನು!"

ಪಂದ್ಯದಲ್ಲಿ ಮರುದಿನ ನನಗೆ ಇನ್ನೊಂದು ಆಟ ಬಾಕಿಯಿತ್ತು. "ಅಯ್ಯೋ, ಆಟದಲ್ಲಿ ಮೂರು ಲೈಫ್ ಇರುತ್ತೆ ಅಜ್ಜಿ, ಆ ಲೈಫು!"

"ಇಂಗ್ಲೀಸ್ ಬ್ಯಾಡ. ನಂಗ್ ಅರ್ತ ಆಗಂಗೆ ಯೋಳು."

ಹೇಳಿದೆ. ತೇಲುವ ಹಲಗೆಗಳು, ಬೆಂಕಿ ಉಗುಳುವ ಮೀನು, ಬೀಳುವ ಮುಂಚೆ ಗಾಳಿಯಲ್ಲೇ ನಿಂತಂತಿದ್ದ ಪುಟ್ಟ ಮನುಷ್ಯ. ಅಜ್ಜಿ ಮೊರ ಮರೆತು ಕೂತರು.

"ಅಲ್ಲ ಕಣವ್ವ, ಅವ್ನು ಅಂಗೆ ಓಡೋದ್ಯಾಕೆ?"

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ. "ಗೊತ್ತಿಲ್ಲ ಅಜ್ಜಿ."

"ಅಂಗಾದ್ರೆ ನಾಳೆ ಓಗಿ ಸರ್ಯಾಗ್ ನೋಡ್ಕಂಡ್ ಬಾ. ಬಂದು ನಂಗ್ ಯೋಳ್ಬೇಕು."

ಮರುದಿನವೂ ಸೋತೆ. ಆದರೆ ನಾಲೆ ಏರಿಯ ಮೇಲೆ ಅಳದೆ, ಕನ್ನಡದ ಮಾತುಗಳನ್ನು ಹುಡುಕುತ್ತ ನಿಧಾನ ನಡೆದು ಬಂದೆ.

ಈಗ ಕಾಲೇಜಿನ ಪತ್ರಿಕೆಗೆ ಒಂದು ಗೇಮಿನ ಬಗ್ಗೆ ಬರೀತೀನಿ ಅಂತ ಒಪ್ಪಿಕೊಂಡಿದ್ದೇನೆ. ಮುಂದೆಯೂ ಇದೇ ನನ್ನ ಕೆಲಸ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಆದರೂ ಅಜ್ಜಿಯ ಪ್ರಶ್ನೆಯಿಂದಲೇ ಮೊದಲ ಸಾಲು ಬರೆದಾಯಿತು.