ಬಸಲಿಂಗಮ್ಮನ ಕುಟ್ಟಾಣಿಯ ಬಂಗಾರ

ಚಿನ್ನದ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಪರೀಕ್ಷೆಗೆ ಕಲ್ಲು ಕುಟ್ಟಿಕೊಟ್ಟು ನಿವೃತ್ತನಾದ ಅಮರೇಶಪ್ಪನನ್ನು ಹಿಮಾಯತ್‌ನಗರದಲ್ಲಿ ಹಾಲಿನವನ ಹೊರತು ಯಾರೂ ಮಾತಾಡಿಸುತ್ತಿರಲಿಲ್ಲ. ಕಂಪ್ಯೂಟರ್ ಕಂಪನಿಗಳ ಷೇರು ಮುಗಿಲು ಮುಟ್ಟಿದ ವರ್ಷ ಅವನ ದೆಸೆ ತಿರುಗಿತು. ಆ ಷೇರು ಸಿಗದವರಿಗೆಂದೇ ಒಂದು ಕಂಪನಿ, ಯಾವುದೋ ಬೋಳುಗುಡ್ಡದಲ್ಲಿ ಚಿನ್ನವಿದೆಯೆಂದು ನಾಂಪಲ್ಲಿ ಎಕ್ಸಿಬಿಷನ್ನಿನಲ್ಲಿ ಮಳಿಗೆ ಹಾಕಿತು. ಷೇರಿನ ಅರ್ಜಿಯ ಜೊತೆ ಗುಡ್ಡದ ಬಿಳಿ ಕಲ್ಲೊಂದು ಪುಕ್ಕಟೆ.

ಭಾನುವಾರ ಕಲ್ಲು ಹಿಡಿದು ಇಬ್ಬರು ಬಂದರು: ಕಂಪ್ಯೂಟರ್ ಕಂಪನಿಯಲ್ಲಿ ಗುಮಾಸ್ತನಾಗಿದ್ದ ಹೆಂಡತಿಯ ತಮ್ಮ ಶಾಂತಕುಮಾರ ಮತ್ತು ಅಬಿಡ್ಸ್‌ನ ಬಟ್ಟೆ ವ್ಯಾಪಾರಿ ಅಮೃತಪ್ಪ. ಗುಡ್ಡವನ್ನು ಇಬ್ಬರೂ ಕಂಡವರಲ್ಲ. ಆದರೂ ಶಾಂತಕುಮಾರ ಷೇರಿಗೆ ಇನ್ನೂರು ರೂಪಾಯಿ ಅಂದ, ಅಮೃತಪ್ಪ ಇಪ್ಪತ್ತು ಅಂದ.

"ಬಂಗಾರ ಭೂಮ್ಯಾಗ ಐತ್ರಿ, ತೆಗಿಯೋದಷ್ಟ ಬಾಕಿ," ಎಂದ ಶಾಂತಕುಮಾರ.

"ನಮ್ಮ ಅಂಗಡಿ ಕೆಳಗೂ ಇರಬೇಕ್ ತಗೋ. ಮ್ಯಾಲಿನ ಮನಿ ಬಾಡಿಗಿ ಏರಸ್ತೀನಿ," ಎಂದ ಅಮೃತಪ್ಪ.

"ಮಾಮಾರ, ನೀವ ಹೇಳ್ರಿ."

ಅಮರೇಶಪ್ಪ ಒಂದು ಕಲ್ಲನ್ನು ಕೈಗೆತ್ತಿಕೊಂಡ. ಚಿನ್ನ ಕಂಡರೆ ಹೆಂಡತಿ ಬಸಲಿಂಗಮ್ಮನ ಚಿನ್ನದ ಪಾಟ್ಲಿ ಬಳೆ ಮಾರಿ ಷೇರು ಕೊಳ್ಳುವುದೆಂದು ಅವನು ಮೊದಲೇ ನಿಶ್ಚಯಿಸಿದ್ದ. ಬಂಗಾರ ಕೊಟ್ಟು ಬಂಗಾರದ ಸುದ್ದಿ ಕೊಳ್ಳುವುದು ಆ ವರ್ಷ ಜಾಣತನವೆನಿಸಿಕೊಂಡಿತ್ತು. ಬಸಲಿಂಗಮ್ಮ ಪಾಟ್ಲಿಗಳನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು.

ನೋಡುವ ಜನ ಎದುರಿಗಿದ್ದರು, ಅವಸರದಲ್ಲಿ ಕೈಗೆ ಸಿಕ್ಕದ್ದು ಅವಳ ಎಲೆ-ಅಡಿಕೆಯ ಕುಟ್ಟಾಣಿ. ಅರ್ಧ ತಾಸು ಕುಟ್ಟಿದ. ಪುಡಿಯನ್ನು ತಾಟಿಗೆ ಹಾಕಿ, ಅಕ್ಕಿ ಗಾಳಿಸುವ ಹಾಗೆ ನೀರಿನಲ್ಲಿ ಗಾಳಿಸಿದ. ತಾಟಿನ ತುಂಬ ಹಳದಿ ಚುಕ್ಕೆ ಮಿನುಗಿದವು.

"ಇನ್ನೂರಲ್ಲ, ನಾಕನೂರು," ಎಂದ ಶಾಂತಕುಮಾರ. ಅಮೃತಪ್ಪನೂ ಎಂಬತ್ತಕ್ಕೆ ಬಂದ.

ಅಮರೇಶಪ್ಪ ಮಾತ್ರ ತಾಟು ಅಲುಗಿಸುತ್ತಲೇ ಇದ್ದ. ಚಿನ್ನ ತಳ ಹಿಡಿದು ಕೂಡಬೇಕು. ಇದು ಕಲ್ಲುಪುಡಿಯ ಜೊತೆ ತೇಲಾಡುತ್ತಿತ್ತು. ಕುಟ್ಟಾಣಿಯೊಳಗೆ ಇಣುಕಿದ. ಹಿತ್ತಾಳೆ ಹೊಸದರಂತೆ ಹೊಳೆಯುತ್ತಿತ್ತು. ಗಣಿಯಲ್ಲಿ ಕಬ್ಬಿಣದ ಕುಟ್ಟಾಣಿಯ ಹೊರತು ಬೇರೆಯದನ್ನು ಮುಟ್ಟಿದವನಲ್ಲ. ಸುಮ್ಮನಿದ್ದರೆ ಸಾಹೇಬ, ಬಾಯಿಬಿಟ್ಟರೆ ಇಪ್ಪತ್ತೆಂಟು ವರ್ಷದ ಹೆಸರು ನೀರಿಗೆ. ಹೆಂಡತಿಯ ಬರಿಗೈ ಕಂಡಿತು.

"ಇದು ಬಂಗಾರಲ್ಲ," ಎಂದ. "ಕುಟ್ಟಾಣಿ ಸವದೈತಿ. ಹಿತ್ತಾಳಿ. ನಂದ ತಪ್ಪು."

ಇಬ್ಬರೂ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ತಿಳೀತ್ರಿ," ಎಂದ ಅಮೃತಪ್ಪ, ಎಂದೂ ಇಲ್ಲದ ಗೌರವದಿಂದ. "ನಮ್ಮನ್ನ ಕಳಿಸಿ ನೀವೊಬ್ಬರ ತಗೊಳ್ಳಾಕ ಹೊಂಟೀರಿ. ಇನ್ನೂರಿಗೆ ನಾನೂ ತಯಾರ್."

ಮೆಟ್ಟಿಲಿಳಿಯುತ್ತ ಅವರು ನಡುವಿನ ಮುನ್ನೂರಕ್ಕೆ ಒಪ್ಪಿಕೊಂಡಿದ್ದರು. ಮುನ್ನೂರು ಕಿವಿಗೆ ಬಿದ್ದದ್ದೇ ಅಮರೇಶಪ್ಪನ ಕಣ್ಣು ತಾಟಿಗೆ ಹೋಯಿತು, ಅಲ್ಲಿಂದ ಮೆಲ್ಲಗೆ ಹೆಂಡತಿಯ ಮಡಿಲಿಗೆ.

ಬಸಲಿಂಗಮ್ಮ ಒಂದೊಂದಾಗಿ ಪಾಟ್ಲಿ ಏರಿಸಿಕೊಂಡಳು.

"ಆ ನೀರು ಚೆಲ್ಲಿ ಬರ್ರಿ," ಎಂದಳು. "ಬರುವಾಗ ಕುಟ್ಟಾಣಿನೂ ತಿಕ್ಕೊಂಡ ಬರ್ರಿ. ಎಲಿ ಹಾಕ್ಕೋಬೇಕು."