ಹೊರಗೆ ಕೊಟ್ಟ ಮಗಳು

ಮೊನ್ನೆ ಮುದ್ದೇಬಿಹಾಳದಲ್ಲಿ ಕಾಕಿಯ ಮಗಳ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆ ಬಂತು. ಆ ವಾಸನೆಗೆ ಗೊಳಸಂಗಿಯ ನಮ್ಮ ಪಕ್ಕದ ಮನೆ ಕಣ್ಣಮುಂದೆ ಬಂತು...

ಕಾಕಿ ನಮಗೆ ಬಳಗವೇನಲ್ಲ, ಪಕ್ಕದ ಮನೆಯವಳು. ಆಕೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಬೆಳಗಾಗುತ್ತಿತ್ತು. ಬರಬರುತ್ತಾ ಆ ಸಪ್ಪಳ ನಡುನಡುವೆ ತಪ್ಪತೊಡಗಿತು. ಕೈ ತಾನಾಗಿಯೇ ಜಗ್ಗಿ ರೊಟ್ಟಿ ಹರಿಯುತ್ತಿತ್ತು. ಆಕೆಯ ತಾಯಿಗೂ ಹೀಗೇ ಇತ್ತಂತೆ. ಕಾಕಿ ಸೋದರಮಾವನನ್ನೇ ಮದುವೆಯಾದವಳು, ತಾಯಿಯೂ ಹಾಗೆಯೇ. ರಕ್ತದಲ್ಲಿ ರಕ್ತ ಕೂಡಿದ್ದಕ್ಕೇ ಈ ರೋಗ ಎಂದು ಊರು ತೀರ್ಪು ಕೊಟ್ಟಿತು. ಕಟ್ಟೆಯ ಮೇಲೆ ಡಾಕ್ಟರರಿಗೇನು ಬರವೇ?

ಕಾಕಿಯ ಮಗಳನ್ನು ತಾಂಬಾದಲ್ಲಿದ್ದ ಆಕೆಯ ತಮ್ಮನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಇಬ್ಬರಿಗೂ ಮನಸ್ಸಿತ್ತು. ಕಾಕಿ ಅದನ್ನು ಮುರಿದಳು. ತವರು ಬಾಗಿಲು ಹಾಕಿಕೊಂಡಿತು. ಹುಡುಗಿ ಅಳುತ್ತಲೇ ಮುದ್ದೇಬಿಹಾಳದ ಬೇರೆ ಮನೆತನಕ್ಕೆ ಹೋದಳು.

"ಹೊರಗ ಕೊಟ್ಟೆ. ಮಗಳು ಉಳದ್ಲು," ಎಂದಳು ಕಾಕಿ.

ಆಮೇಲೆ ಕಾಕಿಗೆ ಫಿಟ್ಸ್ ಬಂತು. ಕಾಕಾ ಆಗಲೇ ತೀರಿದ್ದ. ವಿಜಯಪುರದ ಡಾಕ್ಟರರ ಬಳಿಗೆ ನಾನೇ ಕರೆದೊಯ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವರು ಬಿಡಿಸಿ ಹೇಳಿದರು. ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಎಂಬ ಸಣ್ಣ ಒಲೆಗಳಿರುತ್ತವೆ, ಶಕ್ತಿ ಹುಟ್ಟುವುದು ಅಲ್ಲೇ. ಮಿದುಳಿಗೆ, ನರಗಳಿಗೆ ಆ ಶಕ್ತಿ ಬಹಳ ಬೇಕು. ಕಾಕಿಯಲ್ಲಿ ಆ ಒಲೆಗಳೇ ಮಂಕಾಗಿದ್ದವು. ಮಕ್ಕಳಿಗೆ ಅವು ತಾಯಿಯಿಂದಷ್ಟೇ ಬರುತ್ತವೆ.

"ಮಗಳನ್ನ ಹೊರಗ ಕೊಟ್ಟೇನ್ರಿ," ಎಂದಳು ಕಾಕಿ.

"ಯಾರಿಗೆ ಕೊಟ್ರೂ ಅಷ್ಟೇರಿ. ಅಕಿ ನಿಮ್ಮ ಹೊಟ್ಟ್ಯಾಗ ಹುಟ್ಯಾಳಲ್ಲ. ಒಮ್ಮೆ ಕರಕೊಂಡ ಬರ್ರಿ."

ಬಸ್ಸಿನಲ್ಲಿ ಕಾಕಿ ನನ್ನ ಕೈ ಹಿಡಿದಳು. "ಅಕಿ ಬಸುರಿ ಅದಾಳ. ನೀ ಹೇಳಬ್ಯಾಡ. ಬಾಣಂತನ ಮುಗೀಲಿ, ನಾನ ಹೇಳ್ತೇನಿ."

ಹೇಳುವ ಮೊದಲೇ ರೋಗ ಬಲಿತು ಕಾಕಿಯ ಮಾತು ನಿಂತಿತು. ಹೆಣ್ಣು ಕೂಸನ್ನೆತ್ತಿಕೊಂಡು ಮಗಳು ಬಂದಾಗಲೆಲ್ಲ ಕಾಕಿ ಬಾಯಿ ತೆರೆಯುತ್ತಿದ್ದಳು. ದನಿ ಬರುತ್ತಿರಲಿಲ್ಲ. ಕಣ್ಣು ನನ್ನತ್ತ ತಿರುಗುತ್ತಿತ್ತು. ಹೇಳು ಅನ್ನುತ್ತಿತ್ತೋ, ಬೇಡ ಅನ್ನುತ್ತಿತ್ತೋ... ಹಾಗೆಯೇ ಹೋಗಿಬಿಟ್ಟಳು. ಆ ಮಾತು ನನ್ನಲ್ಲೇ ಉಳಿಯಿತು. ಮಗಳ ಮನೆಗೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು.

ಮೊನ್ನೆ ರೊಟ್ಟಿ ಸೀದದ್ದು ಮಗಳ ಕೈ ಜಗ್ಗಿದ್ದಕ್ಕೆ. ಆಕೆ ನಕ್ಕಳು. "ಅವ್ವನ ರೋಗ ಅಲ್ಲ ಬಿಡ್ರಿ. ನನ್ನ ಹೊರಗ ಕೊಟ್ಟಾರಲ್ಲ."

ಪಕ್ಕದಲ್ಲೇ ಆಕೆಯ ಪುಟ್ಟ ಮಗಳು ಹಿಟ್ಟಿನ ಉಂಡೆ ಹಿಡಿದು ರೊಟ್ಟಿ ಬಡಿಯುವ ಆಟ ಆಡುತ್ತಿದ್ದಳು. ನಾನು ತಟ್ಟೆ ಸರಿಸಿದೆ.

"ಗ್ಯಾಸ್ ಆರಿಸಿ ಬಾ ತಂಗಿ," ಎಂದೆ. "ನಿಮ್ಮವ್ವ ಹೇಳಬೇಕಂದಿದ್ದ ಮಾತೊಂದು ನನ್ನ ಕಡೆ ಉಳದೈತಿ."

ಕೈ ಒರೆಸಿಕೊಳ್ಳುತ್ತಾ ಬಂದು ಕುಳಿತಳು. ಮಗು ಆಕೆಯ ಮಡಿಲೇರಿತು. ಎಲ್ಲಿಂದ ಶುರು ಮಾಡಲಿ ಎಂದು ಕೇಳಲು ಕಾಕಿಯಾದರೂ ಇದ್ದಿದ್ದರೆ...